ಬೀಗ ಹಾಕಿದ್ನಾ, ಇಲ್ವಾ? ಮರೆವು ಯಾಕೆ ಬರುತ್ತೆ, ಯಾವ ಮರೆವಿಗೆ ಡಾಕ್ಟರ್ ಬೇಕು

ಪೇಟೆ ಬೀದಿಯ ಯಾವುದೇ ಕಿರಾಣಿ ಅಂಗಡಿಗೆ ಹೋಗಿ ನೋಡಿ. ಗಲ್ಲಾಪೆಟ್ಟಿಗೆ ಪಕ್ಕದಲ್ಲೋ ಕೌಂಟರ್ ಕೆಳಗೋ ಒಂದು ಹಳೇ ಡಬ್ಬಿ ಇದ್ದೇ ಇರುತ್ತೆ. ಅದರೊಳಗೆ ಗಿರಾಕಿಗಳು ಬಿಟ್ಟುಹೋದ ಸಾಮಾನು: ಬೈಕ್ ಕೀ, ಓದೋ ಕನ್ನಡಕ, ಎಟಿಎಂ ಕಾರ್ಡ್, ರೇಷನ್ ಕಾರ್ಡಿನ ಜೆರಾಕ್ಸ್. ಮೂಲೆಯಲ್ಲಿ ಒಂದೆರಡು ಛತ್ರಿ. ಸಂತೆ ದಿನ ಸಂಜೆ ಹೊತ್ತಿಗೆ ಡಬ್ಬಿ ಇನ್ನೂ ತುಂಬುತ್ತೆ.

ಗಿರಾಕಿಗಳ ಮರೆವಿಗೆ ನಗುವ ಅಂಗಡಿಯವರ ಕಥೆಯೂ ಬೇರೆಯೇನಿಲ್ಲ. ರಾತ್ರಿ ಮನೆಗೆ ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂತಾಗ ತುತ್ತು ಅರ್ಧಕ್ಕೇ ನಿಲ್ಲುತ್ತೆ. 'ಶಟರ್ ಬೀಗ ಹಾಕಿದ್ನಾ, ಇಲ್ವಾ?' ಎಷ್ಟು ಯೋಚನೆ ಮಾಡಿದರೂ ನೆನಪಾಗಲ್ಲ. ಮತ್ತೆ ಗಾಡಿ ತೆಗೆದುಕೊಂಡು ಹೋಗಿ ನೋಡಿದರೆ ಬೀಗ ಸರಿಯಾಗೇ ಇರುತ್ತೆ.

ಇಂಥದ್ದು ನಾಲ್ಕು ಸಲ ಆದರೆ ನಲವತ್ತರ ಹರೆಯದವರಿಗೂ ಭಯ ಶುರುವಾಗುತ್ತೆ, 'ನನಗೇನಾದರೂ ಮರೆವಿನ ಕಾಯಿಲೆ ಬಂತಾ' ಅಂತ. ಇನ್ನೊಂದು ಕಡೆ, ಅದೇ ಮನೆಯಲ್ಲಿ ಎಪ್ಪತ್ತು ದಾಟಿದ ತಾಯಿ ಒಂದೇ ಪ್ರಶ್ನೆಯನ್ನು ಹತ್ತು ನಿಮಿಷದಲ್ಲಿ ಐದು ಸಲ ಕೇಳುತ್ತಿದ್ದರೂ 'ವಯಸ್ಸಾಯ್ತು, ಅರಳು ಮರಳು' ಅಂತ ಎಲ್ಲರೂ ಸುಮ್ಮನಾಗುತ್ತಾರೆ. ಹೆದರಬೇಕಿಲ್ಲದ ಕಡೆ ಹೆದರುತ್ತೇವೆ, ಆಸ್ಪತ್ರೆಗೆ ಹೋಗಬೇಕಾದ ಕಡೆ ಸುಮ್ಮನಿರುತ್ತೇವೆ. ಈ ಎರಡೂ ಮರೆವನ್ನು ಬೇರೆ ಮಾಡಿ ನೋಡುವುದು ಹೇಗೆ ಅನ್ನುವುದೇ ಈ ಬರಹದ ವಿಷಯ.

50 ರೂಪಾಯಿ ನೋಟಿನ ಹಿಂದೆ ಏನಿದೆ?

ಮೊದಲು ಒಂದು ಸಣ್ಣ ಪರೀಕ್ಷೆ. ಜೇಬಿಗೆ ಕೈ ಹಾಕಬೇಡಿ, ಗಲ್ಲಾ ತೆಗೆಯಬೇಡಿ. ಈಗ ಚಲಾವಣೆಯಲ್ಲಿರುವ ನೀಲಿ ಬಣ್ಣದ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಯಾವ ಚಿತ್ರ ಇದೆ? 20 ರೂಪಾಯಿಯದ್ದು? 100ರದ್ದು?

ಉತ್ತರ: 50ರ ಹಿಂದೆ ನಮ್ಮ ಹಂಪಿಯ ಕಲ್ಲಿನ ರಥ. 20ರ ಹಿಂದೆ ಎಲ್ಲೋರಾ ಗುಹೆ, 100ರ ಹಿಂದೆ ಗುಜರಾತಿನ 'ರಾಣಿ ಕಿ ವಾವ್' ಮೆಟ್ಟಿಲು ಬಾವಿ. 2017ರಿಂದ ಈ 50ರ ನೋಟು ನಮ್ಮ ಕೈಯಲ್ಲಿ ಓಡಾಡುತ್ತಿದೆ. ದಿನಕ್ಕೆ ನೂರು ನೋಟು ಎಣಿಸುವವರಿಗೂ ಥಟ್ಟನೆ ಹೇಳಲಿಕ್ಕೆ ಆಗದೇ ಇರಬಹುದು.

ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. 1979ರಲ್ಲಿ ಅಮೆರಿಕದಲ್ಲಿ ನಿಕರ್ಸನ್ ಮತ್ತು ಆಡಮ್ಸ್ ಅನ್ನುವ ಇಬ್ಬರು ಸಂಶೋಧಕರು ಅಲ್ಲಿನ ಒಂದು ಸೆಂಟ್ ನಾಣ್ಯವನ್ನು ನೆನಪಿನಿಂದ ಬರೆಯಿರಿ ಅಂತ ಜನರಿಗೆ ಹೇಳಿದರು. ಹುಟ್ಟಿದಾಗಿನಿಂದ ನೋಡಿದ ನಾಣ್ಯ, ಆದರೂ ಬಹುತೇಕರು ತಪ್ಪು ಬರೆದರು. ಕಾರಣ ಸರಳ. ನೋಟು ಕೈಗೆ ಬಂದಾಗ ನಾವು ನೋಡುವುದು ಬಣ್ಣ ಮತ್ತು ಅಂಕಿ. ವ್ಯಾಪಾರಕ್ಕೆ ಅಷ್ಟು ಸಾಕು. ಹಿಂದಿನ ಚಿತ್ರ ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬಿದ್ದಿರುವುದಿಲ್ಲ. ಹಾಗಾಗಿ ನೀವು ಆ ಚಿತ್ರವನ್ನು 'ಮರೆತಿದ್ದೀರಿ' ಅನ್ನುವುದೂ ತಪ್ಪಾಗುತ್ತೆ, ಯಾಕಂದ್ರೆ ಅದು ಒಳಗೆ ಹೋಗಿಯೇ ಇರಲಿಲ್ಲ.

ನಮ್ಮಲ್ಲಿ ನೆನಪಿನ ದೊಡ್ಡ ಸಾಹಸಕ್ಕೆ ಇಟ್ಟಿರುವ ಹೆಸರನ್ನೇ ನೋಡಿ: ಅಷ್ಟಾವಧಾನ, ಶತಾವಧಾನ. ಅವಧಾನ ಅಂದ್ರೆ ಗಮನ. ಶತಾವಧಾನಿ ಆರ್. ಗಣೇಶ್ ಅವರ ಕಾರ್ಯಕ್ರಮ ನೋಡಿದವರಿಗೆ ಗೊತ್ತಿರುತ್ತೆ. ಅಷ್ಟಾವಧಾನದಲ್ಲಿ ಸುತ್ತ ಎಂಟು ಜನ ಪೃಚ್ಛಕರು ಪ್ರಶ್ನೆ ಹಾಕುತ್ತಾರೆ. ಅವರಲ್ಲಿ ಒಬ್ಬರ ಕೆಲಸವೇ ನಡುನಡುವೆ ಬಾಯಿ ಹಾಕಿ ಗಮನ ಕೆಡಿಸುವುದು, ಅದಕ್ಕೆ 'ಅಪ್ರಸ್ತುತ ಪ್ರಸಂಗ' ಅಂತಲೇ ಹೆಸರು. ಗಮನ ಕೆಟ್ಟರೆ ನೆನಪೂ ಕೆಡುತ್ತೆ ಅಂತ ಈ ಕಲೆ ಕಟ್ಟಿದವರಿಗೆ ಚೆನ್ನಾಗಿ ಗೊತ್ತಿತ್ತು. ಇವತ್ತು ನಮ್ಮ ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಅಪ್ರಸ್ತುತ ಪ್ರಸಂಗ ಇದೆ, ದಿನಕ್ಕೆ ನೂರು ಸಲ ಟಿಂಗ್ ಅನ್ನುತ್ತೆ.

ತಲೆಯೊಳಗಿನ ಗೋದಾಮು

ನೆನಪು ಅನ್ನುವುದು ಗೋದಾಮಿನ ವ್ಯವಹಾರ ಇದ್ದ ಹಾಗೆ ಅಂತ ಇಟ್ಟುಕೊಳ್ಳಿ. ಮೂರು ಕೆಲಸ ಇರುತ್ತೆ. ಒಂದು, ಲಾರಿಯಿಂದ ಸರಕು ಇಳಿಸಿ ಒಳಗೆ ಹಾಕುವುದು. ಎರಡು, ಕೆಡದ ಹಾಗೆ ಇಟ್ಟುಕೊಳ್ಳುವುದು. ಮೂರು, ಬೇಕಾದಾಗ ಹುಡುಕಿ ತೆಗೆಯುವುದು.

ದಿನನಿತ್ಯದ ಮರೆವು ಹೆಚ್ಚಾಗಿ ಮೊದಲನೇ ಹಂತದ್ದು, ಅಂದರೆ ಸರಕು ಇಳಿದೇ ಇರುವುದಿಲ್ಲ. ಕನ್ನಡಕ ಎಲ್ಲಿಟ್ಟೆ, ಚಿಲ್ಲರೆ ಕೊಟ್ಟೆನಾ ಇವೆಲ್ಲ ಆ ಜಾತಿಯವು. ಮೂರನೇ ಹಂತದ್ದೂ ಇರುತ್ತೆ: ಬಸ್‌ಸ್ಟ್ಯಾಂಡಿನಲ್ಲಿ ಎದುರಿಗೆ ಸಿಕ್ಕವರ ಮುಖ ಗೊತ್ತು, ಯಾವ ಊರು ಅಂತಲೂ ಗೊತ್ತು, ಹೆಸರು ಮಾತ್ರ ನಾಲಿಗೆ ತುದಿಯಲ್ಲೇ ನಿಂತುಬಿಡುತ್ತೆ. ಅವರು ಹೋದ ಮೇಲೆ ತಾನಾಗೇ ನೆನಪಾಗುತ್ತೆ. ಸರಕು ಒಳಗಿತ್ತು, ಕೈಗೆ ಸಿಗಲಿಲ್ಲ ಅಷ್ಟೆ. ವಯಸ್ಸಾದಂತೆ ಹೆಸರಿನ ವಿಷಯದಲ್ಲಿ ಹೀಗೆ ತಡವಾಗುವುದು ಎಲ್ಲರಿಗೂ ಇರುವಂಥದ್ದು.

ಒಳಗೆ ಹಾಕುವ ಕೆಲಸದಲ್ಲಿ ದೊಡ್ಡ ಪಾತ್ರ ಮಿದುಳಿನ ಒಳಭಾಗದಲ್ಲಿರುವ ಹಿಪ್ಪೊಕ್ಯಾಂಪಸ್ ಅನ್ನುವ ಭಾಗದ್ದು. ಇದು ಗೊತ್ತಾಗಿದ್ದು ಅಮೆರಿಕದ ಹೆನ್ರಿ ಮೊಲೈಸನ್ ಅವರಿಂದ. ಅಪಸ್ಮಾರ, ಅಂದರೆ ಫಿಟ್ಸ್ ತಡೆಯಲಿಕ್ಕೆ ಅಂತ 1953ರಲ್ಲಿ ಅವರ ಮಿದುಳಿನ ಎರಡೂ ಬದಿಯಿಂದ ಆ ಭಾಗವನ್ನು ಬಹುಪಾಲು ತೆಗೆದರು. ಫಿಟ್ಸ್ ಕಡಿಮೆಯಾಯಿತು. ಆದರೆ ಅಲ್ಲಿಂದ 2008ರಲ್ಲಿ ತೀರಿಕೊಳ್ಳುವವರೆಗೂ ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲಲಿಲ್ಲ. ಬಾಲ್ಯದ್ದೆಲ್ಲ ನೆನಪಿತ್ತು, ಐದು ನಿಮಿಷದ ಹಿಂದೆ ಮಾತಾಡಿಸಿದ ಡಾಕ್ಟರ್ ನೆನಪಿರುತ್ತಿರಲಿಲ್ಲ. ಮುಂದೆ ಕಾಯಿಲೆಯ ಮರೆವಿನ ವಿಷಯ ಬಂದಾಗ ಈ ಮಾತು ಉಪಯೋಗಕ್ಕೆ ಬರುತ್ತೆ.

ಬೀಗ ಯಾಕೆ ನೆನಪಿರಲ್ಲ?

ಹೊಸದಾಗಿ ಸ್ಕೂಟರ್ ಕಲಿಯುವಾಗ ಕ್ಲಚ್ಚು, ಗೇರು, ಬ್ರೇಕು ಎಲ್ಲದಕ್ಕೂ ಗಮನ ಬೇಕು. ಆರು ತಿಂಗಳಾದ ಮೇಲೆ ಕೈಕಾಲು ತಾವಾಗೇ ಮಾಡುತ್ತವೆ, ನಾವು ಸಾಲದ ಕಂತಿನ ಯೋಚನೆ ಮಾಡಿಕೊಂಡು ಊರು ಮುಟ್ಟಿರುತ್ತೇವೆ. ದಾರಿಯಲ್ಲಿ ಯಾರು ಎದುರಾದರು ಅಂತಲೂ ನೆನಪಿರುವುದಿಲ್ಲ. ರೂಢಿಯಾದ ಕೆಲಸವನ್ನು ಮಿದುಳು ಗಮನ ಇಲ್ಲದೇ ಮಾಡಿ ಮುಗಿಸುತ್ತೆ. ಅದು ಮಿದುಳಿನ ಉಳಿತಾಯ.

ಶಟರ್ ಬೀಗವೂ ಹೀಗೇ. ಕೈ ಬೀಗ ಹಾಕಿರುತ್ತೆ, ಮನಸ್ಸು ನಾಳೆ ಹೋಲ್‌ಸೇಲ್‌ನವರಿಗೆ ಕೊಡಬೇಕಾದ ದುಡ್ಡಿನಲ್ಲಿರುತ್ತೆ. ಜೊತೆಗೆ ಇನ್ನೊಂದು ತೊಂದರೆ ಇದೆ. ಇವತ್ತು ಹಾಕಿದ ಬೀಗ, ನಿನ್ನೆ ಹಾಕಿದ ಬೀಗ, ಮೊನ್ನೆ ಹಾಕಿದ ಬೀಗ ಎಲ್ಲವೂ ನೆನಪಿನಲ್ಲಿ ಒಂದೇ ಥರ ಇರುತ್ತವೆ. ಯಾವುದು ಇವತ್ತಿನದ್ದು ಅಂತ ಹೇಳಲಿಕ್ಕೆ ಗುರುತೇ ಇಲ್ಲ.

ಹಾಗಂತ ಮೂರು ಮೂರು ಸಲ ಎಳೆದು ನೋಡಿದರೆ ಸರಿಹೋಗುತ್ತಾ? ಅದೂ ಇಲ್ಲ. ನೆದರ್ಲೆಂಡ್ಸ್‌ನ ಇಬ್ಬರು ಮನಃಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ವಸ್ತುವನ್ನು ಮತ್ತೆ ಮತ್ತೆ ಪರೀಕ್ಷಿಸಿದವರಿಗೆ ತಮ್ಮ ನೆನಪಿನ ಮೇಲೆ ಇದ್ದ ನಂಬಿಕೆ ಇನ್ನೂ ಕಡಿಮೆಯಾಗಿತ್ತು. ಹೆಚ್ಚು ನೋಡಿದಷ್ಟೂ ಅನುಮಾನ ಹೆಚ್ಚು.

ಒಂದೇ ಸಲ ನೋಡಿ, ಆದರೆ ಗಮನ ಇಟ್ಟು ನೋಡಿ. ಬೀಗಕ್ಕೆ ಕೈ ತೋರಿಸಿ ಬಾಯಿಬಿಟ್ಟು ಹೇಳಿಕೊಳ್ಳಿ: 'ಮಂಗಳವಾರ, ಬೀಗ ಹಾಕ್ದೆ.' ಪಕ್ಕದ ಅಂಗಡಿಯವರು ನಕ್ಕರೆ ನಗಲಿ. ಜಪಾನಿನ ರೈಲು ಚಾಲಕರು ಇವತ್ತಿಗೂ ಪ್ರತಿ ಸಿಗ್ನಲ್‌ಗೆ ಕೈ ತೋರಿಸಿ, ಬಣ್ಣವನ್ನು ಜೋರಾಗಿ ಹೇಳಿಯೇ ಮುಂದೆ ಹೋಗುತ್ತಾರೆ. ದಿನದ ಹೆಸರು ಸೇರಿಸಿದರೆ ಇವತ್ತಿನ ಬೀಗಕ್ಕೆ ಇವತ್ತಿನದೇ ಗುರುತು ಬೀಳುತ್ತೆ.

'ಒಳಗೆ ಯಾಕೆ ಬಂದೆ?'

ಅಡುಗೆಮನೆಯಿಂದ ಏನೋ ತರಲಿಕ್ಕೆ ಎದ್ದು ಒಳಗೆ ಹೋಗುತ್ತೀರಿ. ಹೊಸ್ತಿಲು ದಾಟಿದ್ದೇ ತಡ, ಏನು ಬೇಕಿತ್ತು ಅಂತ ಹಾರಿಹೋಗುತ್ತೆ. ವಾಪಸ್ ಬಂದು ಕೂತರೆ 'ಹಾಂ, ಕತ್ತರಿ!' ಅಂತ ನೆನಪಾಗುತ್ತೆ. ಅಮೆರಿಕದ ನಾಟರ್ ಡೇಮ್ ವಿಶ್ವವಿದ್ಯಾಲಯದ ಗೇಬ್ರಿಯಲ್ ರಾಡ್ವಾನ್ಸ್ಕಿ 2011ರಲ್ಲಿ ಇದನ್ನೇ ಪರೀಕ್ಷೆ ಮಾಡಿ ತೋರಿಸಿದರು. ಒಂದೇ ಕೋಣೆಯಲ್ಲಿ ಅಷ್ಟೇ ದೂರ ನಡೆದವರಿಗಿಂತ ಬಾಗಿಲು ದಾಟಿದವರು ಹೆಚ್ಚು ಮರೆತರು. ಜಾಗ ಬದಲಾದಾಗ ಮಿದುಳು ಹಳೇ ಪುಟ ಮಡಚಿ ಹೊಸ ಪುಟ ತೆಗೆಯುತ್ತೆ ಅನ್ನುವುದು ಅವರ ವಿವರಣೆ.

ಇನ್ನೊಂದು ಕಾರಣ ನಮ್ಮ ತಲೆಯ ಮೇಜು ಚಿಕ್ಕದು. ಒಂದೇ ಹೊತ್ತಿಗೆ ನಾವು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ನಾಲ್ಕು ವಿಷಯ ಅಂತ ಸಂಶೋಧಕರು ಲೆಕ್ಕ ಹಾಕಿದ್ದಾರೆ. ಅಂಗಡಿಯಲ್ಲಿ ಮೂವರು ಗಿರಾಕಿ, ತಕ್ಕಡಿಯಲ್ಲಿ ಸಕ್ಕರೆ, ಕಿವಿಯಲ್ಲಿ ಫೋನು, ಮೇಲಿಂದ ಸೌಂಡ್ ಬಾಕ್ಸ್ ಕೂಗು. ಐದನೆಯದು ಬಂದರೆ ಒಂದು ಕೆಳಗೆ ಬೀಳಲೇಬೇಕು. ಅರ್ಧ ತೂಗಿದ ಸಕ್ಕರೆ ಬಿಟ್ಟು ಫೋನ್ ಎತ್ತಿದರೆ ಆಮೇಲೆ ಎರಡು ಕೆ.ಜಿ. ಕೇಳಿದ್ರಾ, ಮೂರು ಕೇಳಿದ್ರಾ ಅನ್ನುವ ಗೊಂದಲ ಖಾಯಂ.

'ಕೊಟ್ಟೆ' ಅಂತ ಅವರು, 'ಕೊಟ್ಟಿಲ್ಲ' ಅಂತ ಇವರು

ಮರೆವಿನಿಂದ ನಮ್ಮೂರುಗಳಲ್ಲಿ ಆಗುವ ದೊಡ್ಡ ನಷ್ಟ ಛತ್ರಿಯದ್ದಲ್ಲ, ಉದ್ರಿಯದ್ದು. 'ಹೋದ ವಾರವೇ ಕೊಟ್ಟಿದ್ದೀನಲ್ಲಾ' ಅಂತ ಗಿರಾಕಿ, 'ಇಲ್ಲ, ಇನ್ನೂ ನಾನೂರು ಬಾಕಿ' ಅಂತ ಅಂಗಡಿಯವರು. ಹತ್ತು ವರ್ಷದ ವಿಶ್ವಾಸ ಹತ್ತು ನಿಮಿಷದಲ್ಲಿ ಕೆಡುತ್ತೆ. ಇಬ್ಬರೂ 'ಅವರು ಸುಳ್ಳು ಹೇಳ್ತಿದ್ದಾರೆ' ಅಂದುಕೊಳ್ಳುತ್ತಾರೆ. ಬಹಳ ಸಲ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ.

ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ ತನ್ನ ಮೇಲೆ ತಾನೇ ಮಾಡಿಕೊಂಡ ಪ್ರಯೋಗವನ್ನು 1885ರಲ್ಲಿ ಪ್ರಕಟಿಸಿದರು. ಅರ್ಥವಿಲ್ಲದ ಅಕ್ಷರಗಳ ಪಟ್ಟಿ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತೆ ಅಂತ ಅಳೆದರು. ಕಲಿತದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯೊಳಗೇ ಹೋಗಿತ್ತು. ಆಮೇಲೆ ಮರೆಯುವ ವೇಗ ನಿಧಾನವಾಯಿತು. ವ್ಯಾಪಾರದ ಲೆಕ್ಕ ಅರ್ಥವಿಲ್ಲದ ಅಕ್ಷರವೇನೂ ಅಲ್ಲ, ಆದರೂ ಮೊದಲ ಒಂದು ಗಂಟೆಯಲ್ಲೇ ಹೆಚ್ಚು ಸೋರುತ್ತೆ ಅನ್ನುವ ಪಾಠ ಇಲ್ಲಿಗೂ ಹೊಂದುತ್ತೆ. 'ರಾತ್ರಿ ಕೂತು ಒಟ್ಟಿಗೆ ಬರೀತೀನಿ' ಅನ್ನುವ ಅಭ್ಯಾಸ ಅದಕ್ಕೇ ಅಪಾಯ.

ಎರಡನೆಯದು, ನೆನಪು ಸಿಸಿಟಿವಿ ರೆಕಾರ್ಡಿಂಗ್ ಥರ ಇಲ್ಲ. ಪ್ರತಿ ಸಲ ನೆನಪಿಸಿಕೊಂಡಾಗಲೂ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತೆ, ಬಿಟ್ಟ ಜಾಗ ತುಂಬಿಕೊಳ್ಳುತ್ತೆ. 1974ರಲ್ಲಿ ಎಲಿಜಬೆತ್ ಲಾಫ್ಟಸ್ ಒಂದೇ ಅಪಘಾತದ ಫಿಲಂ ತೋರಿಸಿ ಜನರಿಗೆ ಕಾರಿನ ವೇಗ ಕೇಳಿದರು. 'ತಾಗಿದಾಗ ಎಷ್ಟು ವೇಗ ಇತ್ತು' ಅಂತ ಕೇಳಿದವರಿಗಿಂತ 'ಅಪ್ಪಳಿಸಿದಾಗ ಎಷ್ಟು ವೇಗ ಇತ್ತು' ಅಂತ ಕೇಳಿದವರು ಹೆಚ್ಚು ವೇಗ ಹೇಳಿದರು. ಪ್ರಶ್ನೆಯ ಒಂದು ಪದ ನೆನಪನ್ನೇ ತಿರುಗಿಸಿತು. ಹೋದ ತಿಂಗಳು ಕೊಟ್ಟ ದುಡ್ಡನ್ನು ಈ ತಿಂಗಳು ಕೊಟ್ಟದ್ದು ಅಂತ ಪ್ರಾಮಾಣಿಕವಾಗಿ ನಂಬುವುದು ಇಂಥದ್ದೇ ಎಡವಟ್ಟು.

ಹಾಗಾಗಿ ಉದ್ರಿ ಪುಸ್ತಕ ಅಂದ್ರೆ ಅಪನಂಬಿಕೆಯ ಗುರುತು ಅಂತ ಯಾರೂ ಬೇಜಾರು ಮಾಡಿಕೊಳ್ಳಬಾರದು. ಸಾಮಾನು ಕೈಗೆ ಕೊಡುವ ಮುಂಚೆ ಬರೆಯಿರಿ, ಗಿರಾಕಿ ಎದುರಿಗೇ ಓದಿ ಹೇಳಿ. ಗಿರಾಕಿಗಳೂ ದುಡ್ಡು ಕೊಟ್ಟ ತಕ್ಷಣ 'ಹೊಡೆದು ಹಾಕಿ' ಅಂತ ಕೇಳಿ, ಕಣ್ಣಾರೆ ನೋಡಿ ಹೋಗಿ.

ಮರೆವಿಗೆ ಅರ್ಥ ಇದೆಯಾ?

'ನನ್ನ ಮಾತು ಅಂದ್ರೆ ನಿಮಗೆ ನೆನಪೇ ಇರಲ್ಲ' ಅನ್ನುವ ದೂರು ಎಷ್ಟು ಮನೆಯಲ್ಲಿಲ್ಲ? ಮರೆತದ್ದಕ್ಕೆ ಮನಸ್ಸಿಲ್ಲದ್ದೇ ಕಾರಣ ಅಂತ ಮೊದಲು ದೊಡ್ಡದಾಗಿ ಬರೆದವರು ಸಿಗ್ಮಂಡ್ ಫ್ರಾಯ್ಡ್, 1901ರಲ್ಲಿ. ಮಾಡಲಿಕ್ಕೆ ಇಷ್ಟವಿಲ್ಲದ ಕೆಲಸ, ನೋವು ಕೊಡುವ ಹೆಸರು ಇವನ್ನು ಮನಸ್ಸು ತಾನೇ ಮುಚ್ಚಿಡುತ್ತೆ ಅಂತ ಅವರ ವಾದ. ನಮ್ಮ ಜನ ಅದಕ್ಕಿಂತ ಸುಲಭವಾಗಿ 'ಜಾಣ ಮರೆವು' ಅಂದುಬಿಟ್ಟಿದ್ದಾರೆ. ಕೊಟ್ಟ ಸಾಲ ನೆನಪಿರುತ್ತೆ, ತಗೊಂಡ ಸಾಲ ಮರೆತುಹೋಗುತ್ತೆ!

ಫ್ರಾಯ್ಡ್ ಮಾತಿನಲ್ಲಿ ಸ್ವಲ್ಪ ನಿಜ ಇದೆ. ಮುಖ್ಯ ಅನಿಸಿದ್ದಕ್ಕೆ ಗಮನ ಹೆಚ್ಚು ಹೋಗುತ್ತೆ, ಹಾಗಾಗಿ ಅದು ಉಳಿಯುತ್ತೆ. ಆದರೆ ಎಲ್ಲ ಮರೆವಿಗೂ ಗುಟ್ಟಿನ ಅರ್ಥ ಹುಡುಕಿದರೆ ಮನೆಯಲ್ಲಿ ಜಗಳವೇ ಗತಿ. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲದವರು ಮದುವೆ ವಾರ್ಷಿಕೋತ್ಸವ ಮರೆತರೆ ಅದಕ್ಕೆ ಪ್ರೀತಿ ಕಡಿಮೆಯಾಗಿದೆ ಅಂತ ಅರ್ಥ ಅಲ್ಲ. ಹೆಚ್ಚಾಗಿ ಮರೆವು ಹೇಳುವ ಅರ್ಥ ಒಂದೇ: ಈ ಮನುಷ್ಯನ ತಲೆ ಮೇಲೆ ಈಗ ಹೊರೆ ಜಾಸ್ತಿ ಇದೆ.

ಅಂದಹಾಗೆ ಏನೂ ಮರೆಯದೇ ಇರುವುದೂ ವರವಲ್ಲ. ರಷ್ಯಾದ ಸೊಲೊಮನ್ ಶೆರೆಶೆವ್‌ಸ್ಕಿ ಅನ್ನುವವರಿಗೆ ವರ್ಷಗಳ ಹಿಂದೆ ಕೇಳಿದ ಪದಗಳ ಪಟ್ಟಿಯೂ ನೆನಪಿರುತ್ತಿತ್ತು. ಅವರನ್ನು ದೀರ್ಘಕಾಲ ಪರೀಕ್ಷಿಸಿದ ಅಲೆಕ್ಸಾಂಡರ್ ಲೂರಿಯಾ ಬರೆದ ಪ್ರಕಾರ, ಬೇಡದ ವಿವರಗಳೆಲ್ಲ ತಲೆಯಲ್ಲಿ ಗಿಜಿಗುಟ್ಟಿ ಒಂದು ಸಾಮಾನ್ಯ ಮಾತಿನ ಸಾರಾಂಶ ಹಿಡಿಯುವುದೇ ಅವರಿಗೆ ಕಷ್ಟವಾಗುತ್ತಿತ್ತು.

ಮೈಯಲ್ಲಿನ ತೊಂದರೆ, ತಲೆಯಲ್ಲಿ ಮರೆವು

ಈಗ ಮುಖ್ಯ ವಿಷಯಕ್ಕೆ ಬರೋಣ. ಗಮನ ಕೊಟ್ಟರೂ, ವಿಶ್ರಾಂತಿ ತಗೊಂಡರೂ ಮರೆವು ಹೆಚ್ಚಾಗುತ್ತಲೇ ಇದ್ದರೆ ಕಾರಣ ಮೈಯಲ್ಲಿ ಇರಬಹುದು. ಈ ಕೆಳಗಿನವುಗಳಲ್ಲಿ ಬಹಳಷ್ಟಕ್ಕೆ ಚಿಕಿತ್ಸೆ ಇದೆ.

ನಿದ್ದೆ: ಹಗಲಿನಲ್ಲಿ ಕಲಿತದ್ದು ಗಟ್ಟಿಯಾಗುವುದು ನಿದ್ದೆಯಲ್ಲಿ. ರಾತ್ರಿ 12ರವರೆಗೆ ಮೊಬೈಲ್, ಬೆಳಗ್ಗೆ 5ಕ್ಕೆ ಹಾಲಿನ ಗಾಡಿ ಅಂದ್ರೆ ಮರೆವು ಬರದೇ ಇನ್ನೇನು? ಜೋರು ಗೊರಕೆ, ನಡುವೆ ಉಸಿರು ಕಟ್ಟಿದ ಹಾಗಾಗುವುದು, ಹಗಲೆಲ್ಲ ತೂಕಡಿಕೆ ಇದ್ದರೆ ಡಾಕ್ಟರಿಗೆ ಹೇಳಿ.

ವಿಟಮಿನ್ ಬಿ12 ಕೊರತೆ: ಈ ವಿಟಮಿನ್ ಸಹಜವಾಗಿ ಸಿಗುವುದು ಹಾಲು, ಮೊಟ್ಟೆ, ಮೀನು, ಮಾಂಸದಂಥ ಪ್ರಾಣಿಮೂಲದ ಆಹಾರದಿಂದ. ಸಸ್ಯಾಹಾರಿಗಳಲ್ಲಿ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆ ತಗೊಳ್ಳುವವರಲ್ಲಿ ಕೊರತೆ ಕಾಣಿಸಿಕೊಳ್ಳಬಹುದು. ಪಾದ ಜೋಮು ಹಿಡಿಯುವುದು, ಸುಸ್ತು, ಮರೆವು ಇದರ ಲಕ್ಷಣ. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ, ಮಾತ್ರೆ ಅಥವಾ ಇಂಜೆಕ್ಷನ್ ಇದೆ. ತುಂಬಾ ತಡ ಮಾಡಿದರೆ ನರಗಳಿಗೆ ಆದ ಹಾನಿ ಪೂರ್ತಿ ವಾಪಸ್ ಬರದೇ ಇರಬಹುದು.

ಥೈರಾಯ್ಡ್: ಥೈರಾಯ್ಡ್ ಹಾರ್ಮೋನ್ ಕಡಿಮೆಯಾದರೆ ಮೈ ಭಾರ, ಚಳಿ, ಮಲಬದ್ಧತೆ, ಜೊತೆಗೆ ಯೋಚನೆಯೂ ಮಂದ.

ಮನಸ್ಸಿನ ಕುಗ್ಗುವಿಕೆ: ಖಿನ್ನತೆ ಅಂದ್ರೆ ಅಳುವುದು ಮಾತ್ರ ಅಲ್ಲ. ವಯಸ್ಸಾದವರಲ್ಲಿ, ಅದರಲ್ಲೂ ಜೊತೆಗಾರರನ್ನು ಕಳೆದುಕೊಂಡವರಲ್ಲಿ, ಅದು ಮರೆವಿನ ರೂಪದಲ್ಲೇ ಕಾಣಿಸಬಹುದು. 'ಏನೂ ಬೇಡ, ಏನೂ ನೆನಪಿಲ್ಲ' ಅನ್ನುತ್ತಾ ಮೂಲೆ ಹಿಡಿದರೆ ತೋರಿಸಿ. ಚಿಕಿತ್ಸೆಯಿಂದ ನೆನಪೂ ಸುಧಾರಿಸುತ್ತೆ.

ಕಿವಿ: ಸರಿಯಾಗಿ ಕೇಳಿಸದವರಿಗೆ ಹೇಳಿದ್ದು ಒಳಗೇ ಹೋಗಿರುವುದಿಲ್ಲ. ಆಮೇಲೆ 'ಹೇಳಿದ್ದು ಮರೀತಾರೆ' ಅಂತ ಬೈಗುಳ ಅವರಿಗೇ.

ಮಾತ್ರೆಗಳು: ನಿದ್ದೆ ಮಾತ್ರೆ, ತೂಕಡಿಕೆ ತರುವ ಕೆಲವು ನೆಗಡಿ, ಅಲರ್ಜಿ ಮಾತ್ರೆಗಳು ವಯಸ್ಸಾದವರಲ್ಲಿ ಗೊಂದಲ ತರಬಲ್ಲವು. ಚೀಟಿ ಇಲ್ಲದೇ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವುದು ಬೇಡ. ಡಾಕ್ಟರ್ ಹತ್ತಿರ ಹೋಗುವಾಗ ಎಲ್ಲ ಮಾತ್ರೆಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.

ಕುಡಿತ: ಕುಡಿದ ರಾತ್ರಿಯದ್ದು ನೆನಪಿಲ್ಲ ಅಂದ್ರೆ ಆ ಹೊತ್ತಿನಲ್ಲಿ ಮಿದುಳು ದಾಖಲು ಮಾಡುವುದನ್ನೇ ನಿಲ್ಲಿಸಿತ್ತು ಅಂತ ಅರ್ಥ. ವರ್ಷಗಟ್ಟಲೆ ಕುಡಿದು ಊಟ ಬಿಟ್ಟವರಲ್ಲಿ ವಿಟಮಿನ್ ಬಿ1 ಕೊರತೆಯಾಗಿ ನೆನಪು ಶಾಶ್ವತವಾಗಿ ಹಾಳಾಗಬಹುದು.

ಬಿದ್ದ ಪೆಟ್ಟು: ವಯಸ್ಸಾದವರು ಬಚ್ಚಲುಮನೆಯಲ್ಲಿ ಜಾರಿ ತಲೆಗೆ ಪೆಟ್ಟು ಮಾಡಿಕೊಂಡು, ಆ ದಿನ ಚೆನ್ನಾಗೇ ಇದ್ದು, ಕೆಲವು ವಾರದ ಮೇಲೆ ತಲೆನೋವು, ಗೊಂದಲ, ನಡಿಗೆಯಲ್ಲಿ ತೂರಾಟ ಶುರುವಾದರೆ ತಡ ಮಾಡಬೇಡಿ. ಮಿದುಳಿನ ಮೇಲೆ ನಿಧಾನವಾಗಿ ರಕ್ತ ಸೇರಿಕೊಂಡಿರಬಹುದು. ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತೆ, ಆಪರೇಷನ್ ಮಾಡಿ ತೆಗೆಯಬಹುದು.

ಯಾವಾಗ ಅದು ಕಾಯಿಲೆ?

ಭಾರತದಲ್ಲಿ 60 ದಾಟಿದವರಲ್ಲಿ ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಶೇ. 7.4ರಷ್ಟು ಜನರಿಗೆ ಇದೆ ಅಂತ 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿದೆ. ಒಟ್ಟು ಸುಮಾರು 88 ಲಕ್ಷ ಜನ. ತಿರುಗಿಸಿ ನೋಡಿದರೆ 60 ದಾಟಿದ ನೂರು ಜನರಲ್ಲಿ 92ಕ್ಕೂ ಹೆಚ್ಚು ಮಂದಿಗೆ ಈ ಕಾಯಿಲೆ ಇಲ್ಲ. ಅಂದ್ರೆ 'ಅರವತ್ತಕ್ಕೆ ಅರಳು ಮರಳು' ಅನ್ನುವ ಮಾತು ನಿಯಮವೇನಲ್ಲ. ಡಿಮೆನ್ಷಿಯಾ ವಯಸ್ಸಿನ ಸಹಜ ಭಾಗವಲ್ಲ, ಅದೊಂದು ಕಾಯಿಲೆ. ಅದರಲ್ಲಿ ಹೆಚ್ಚು ಕಾಣುವ ಬಗೆಗೆ, 1906ರಲ್ಲಿ ಅದನ್ನು ವಿವರಿಸಿದ ಜರ್ಮನ್ ವೈದ್ಯ ಅಲೋಯ್ಸ್ ಆಲ್‌ಝೈಮರ್ ಅವರದೇ ಹೆಸರಿದೆ. ಈ ಬಗೆಯಲ್ಲಿ ಮೊದಮೊದಲು ಪೆಟ್ಟು ಬೀಳುವ ಜಾಗಗಳಲ್ಲಿ ಹಿಪ್ಪೊಕ್ಯಾಂಪಸ್ ಒಂದು. ಹಾಗಾಗಿಯೇ 1970ರ ಮದುವೆ ಕಥೆ ಪೂರ್ತಿ ಹೇಳುವ ಅಜ್ಜಿಗೆ ಬೆಳಗ್ಗೆ ತಿಂಡಿ ತಿಂದದ್ದು ನೆನಪಿರುವುದಿಲ್ಲ. 'ಹಳೇದೆಲ್ಲ ನೆನಪಿದೆ, ಏನೂ ಆಗಿಲ್ಲ' ಅಂತ ಸಮಾಧಾನ ಮಾಡಿಕೊಳ್ಳಬಾರದು.

ವ್ಯತ್ಯಾಸ ಹೀಗೆ ಗುರುತಿಸಿ:

- ಕೀ ಎಲ್ಲಿಟ್ಟೆ ಅಂತ ಮರೆಯುವುದು ಸಾಮಾನ್ಯ. ಕೀ ಯಾವುದಕ್ಕೆ ಅಂತಲೇ ತಿಳಿಯದಿದ್ದರೆ ತೋರಿಸಬೇಕು.
- ಹೊಸ ಊರಲ್ಲಿ ದಾರಿ ತಪ್ಪುವುದು ಸಾಮಾನ್ಯ. ಮೂವತ್ತು ವರ್ಷ ಓಡಾಡಿದ ಬೀದಿಯಲ್ಲೇ ಮನೆ ಸಿಗದಿದ್ದರೆ ತೋರಿಸಬೇಕು.
- ಒಂದು ದಿನ ಚಿಲ್ಲರೆ ತಪ್ಪು ಕೊಡುವುದು ಸಾಮಾನ್ಯ. ಜೀವಮಾನ ಗಲ್ಲಾ ನೋಡಿದವರಿಗೆ ನೂರರಲ್ಲಿ ಮೂವತ್ತು ಕಳೆಯಲಿಕ್ಕೆ ಆಗದಿದ್ದರೆ ತೋರಿಸಬೇಕು.
- ಒಂದು ಕಥೆಯನ್ನು ತಿಂಗಳಲ್ಲಿ ಎರಡು ಸಲ ಹೇಳುವುದು ಸಾಮಾನ್ಯ. ಉತ್ತರ ಕೊಟ್ಟ ಐದು ನಿಮಿಷಕ್ಕೆ ಅದೇ ಪ್ರಶ್ನೆ ಮತ್ತೆ ಮತ್ತೆ ಬಂದರೆ ತೋರಿಸಬೇಕು.
- 'ನನಗೆ ಮರೆವು ಜಾಸ್ತಿಯಾಗಿದೆ' ಅಂತ ಅವರೇ ಹೇಳಿದರೆ ಭಯ ಕಡಿಮೆ. ಅವರಿಗೆ ಗೊತ್ತೇ ಇಲ್ಲದೆ ಮನೆಯವರಿಗೆ ಗೊತ್ತಾಗುತ್ತಿದ್ದರೆ ಎಚ್ಚರ ಹೆಚ್ಚು ಬೇಕು.

ಇನ್ನೊಂದು ಲಕ್ಷಣ ಮನೆ ಒಡೆಯುವಂಥದ್ದು. ದುಡ್ಡೋ ಒಡವೆಯೋ ಎಲ್ಲೋ ಇಟ್ಟು ಮರೆತು, 'ಸೊಸೆ ಕದ್ದಳು', 'ಕೆಲಸದವಳು ಎತ್ತಿದಳು' ಅಂತ ಆರೋಪ ಮಾಡುವುದು. ಇಟ್ಟದ್ದು ಮರೆತಿದೆ ಅನ್ನುವುದೇ ಅವರಿಗೆ ತಿಳಿಯದ ಕಾರಣ, ಕಳ್ಳತನ ಅನ್ನುವುದೊಂದೇ ಅವರಿಗೆ ಹೊಂದುವ ವಿವರಣೆ. ಶಾಂತವಾಗಿದ್ದವರು ಈಚೆಗೆ ಹೀಗೆ ಆಗಿದ್ದರೆ ಜಗಳಕ್ಕೆ ಮುಂಚೆ ಡಾಕ್ಟರ್ ನೆನಪಾಗಲಿ.

ಒಮ್ಮೆಲೇ ಬಂದರೆ ಕಾಯಬೇಡಿ

ಡಿಮೆನ್ಷಿಯಾ ಹೆಚ್ಚಾಗಿ ತಿಂಗಳು, ವರ್ಷಗಳಲ್ಲಿ ನಿಧಾನವಾಗಿ ಬರುತ್ತೆ. ನಿನ್ನೆ ಚೆನ್ನಾಗಿದ್ದವರು ಇವತ್ತು ಗೊಂದಲದಲ್ಲಿದ್ದರೆ ಅದು ಬೇರೆ, ತುರ್ತು ವಿಷಯ. ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು ಪಾರ್ಶ್ವವಾಯು ಅಂದರೆ ಲಕ್ವದ ಲಕ್ಷಣ. ತಕ್ಷಣ 108ಕ್ಕೆ ಫೋನ್ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ಇರುವ ಸಮಯ ನಾಲ್ಕೂವರೆ ಗಂಟೆ ಮಾತ್ರ.

ಸಕ್ಕರೆ ಕಾಯಿಲೆಯವರು ಬೆವರಿ, ನಡುಗಿ, ತಡವರಿಸಿ ಮಾತಾಡಿದರೆ ಶುಗರ್ ಇಳಿದಿರಬಹುದು. ಎಚ್ಚರವಿದ್ದು ನುಂಗುವಂತಿದ್ದರೆ ಸಕ್ಕರೆ ನೀರು ಕೊಟ್ಟು ಆಸ್ಪತ್ರೆಗೆ ಕರೆದೊಯ್ಯಿರಿ. ವಯಸ್ಸಾದವರಲ್ಲಿ ಮೂತ್ರದ ಸೋಂಕು, ಜ್ವರ, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದೂ ಒಂದೆರಡು ದಿನದಲ್ಲಿ ಬುದ್ಧಿ ಭ್ರಮಣೆಯಾದ ಹಾಗೆ ಮಾಡಬಲ್ಲದು. ಗಾಳಿ ಸೋಕಿದೆ, ದೃಷ್ಟಿಯಾಗಿದೆ ಅಂತ ಎರಡು ದಿನ ಕಳೆಯಬೇಡಿ.

ಎಲ್ಲಿಗೆ ಹೋಗಬೇಕು?

ಮೊದಲು ನಿಮ್ಮ ತಾಲ್ಲೂಕು ಆಸ್ಪತ್ರೆಯ ಡಾಕ್ಟರ್ ಸಾಕು. ಬಿಪಿ, ಶುಗರ್, ಥೈರಾಯ್ಡ್, ಬಿ12 ಪರೀಕ್ಷೆಯಿಂದ ಶುರು ಮಾಡಬಹುದು. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ 2022ರಲ್ಲಿ 'ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್' ಆರಂಭಿಸಿದ ಮೇಲೆ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ. ಯಾವ ದಿನ, ಯಾವ ಕೋಣೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಹಿರಿಯ ನಾಗರಿಕರ ಸಹಾಯವಾಣಿ 14567, ಎರಡೂ ಉಚಿತ.

ಈ ಕಾಯಿಲೆಯ ಬಗ್ಗೆ ದೊಡ್ಡ ಅಧ್ಯಯನವೊಂದು ನಮ್ಮ ರಾಜ್ಯದ ತಾಲ್ಲೂಕೊಂದರಲ್ಲೇ ನಡೆಯುತ್ತಿದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಆವರಣದ ಮಿದುಳು ಸಂಶೋಧನಾ ಕೇಂದ್ರ ಇದನ್ನು ಕೈಗೊಂಡಿದೆ. ಡಿಮೆನ್ಷಿಯಾಕ್ಕೆ ಇವತ್ತಿಗೂ ಪೂರ್ತಿ ಗುಣಪಡಿಸುವ ಔಷಧ ಇಲ್ಲ. ಆದರೆ ಬಿಪಿ, ಶುಗರ್, ಕೊಲೆಸ್ಟರಾಲ್, ಕಿವಿ, ಕಣ್ಣು, ಧೂಮಪಾನ, ಒಂಟಿತನ ಸೇರಿ 14 ಅಂಶಗಳನ್ನು ಸರಿಪಡಿಸಿದರೆ ಜಗತ್ತಿನ ಶೇ. 45ರಷ್ಟು ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಅಂತ 2024ರ ಲ್ಯಾನ್ಸೆಟ್ ಆಯೋಗದ ವರದಿ ಹೇಳಿದೆ. ಬಿಪಿ ಮಾತ್ರೆ ಬಿಡದೇ ನುಂಗುವುದೂ ನೆನಪಿನ ಔಷಧವೇ.

ನಾಳೆಯಿಂದ ಮಾಡಬಹುದಾದದ್ದು

ಕೀ, ಕನ್ನಡಕ, ಫೋನು ಮೂರಕ್ಕೂ ಒಂದೊಂದು ಖಾಯಂ ಜಾಗ ಮಾಡಿ. ಬೆಳಗಿನ ಮಾತ್ರೆ ಡಬ್ಬಿಯನ್ನು ಕಾಫಿ ಲೋಟದ ಪಕ್ಕ ಇಡಿ, ಒಂದರ ನೆಪದಲ್ಲಿ ಇನ್ನೊಂದು ನೆನಪಾಗುತ್ತೆ. ಗ್ಯಾಸ್ ಮೇಲೆ ಹಾಲಿಟ್ಟು ಹೊರಗೆ ಹೋಗಬೇಕಾದರೆ ಸೌಟು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಅಜ್ಜಿಯಂದಿರು ಸೆರಗಿಗೆ ಗಂಟು ಹಾಕಿಕೊಳ್ಳುತ್ತಿದ್ದದ್ದೂ ಇದೇ ಲೆಕ್ಕ. ತೂಕ ಮಾಡುವಾಗ, ದುಡ್ಡು ಎಣಿಸುವಾಗ ಫೋನ್ ಎತ್ತಬೇಡಿ. ಎತ್ತಲೇಬೇಕಾದರೆ ಕೈಯಲ್ಲಿರುವ ಲೆಕ್ಕ ಮೊದಲು ಗೀಚಿಡಿ.

ಮನೆಯ ಹಿರಿಯರು ಒಂದೇ ಮಾತು ಮತ್ತೆ ಕೇಳಿದರೆ 'ಈಗ ತಾನೇ ಹೇಳಿದ್ನಲ್ಲಾ' ಅಂತ ಗದರಬೇಡಿ. ಅವರಿಗೆ ಅದು ಮೊದಲನೇ ಸಲವೇ. ಒಂದು ವಾರ ಚೀಟಿಯಲ್ಲಿ ಬರೆದಿಡಿ: ಏನು ಮರೆತರು, ಎಷ್ಟು ಸಲ, ಯಾವ ಹೊತ್ತಿನಲ್ಲಿ. 'ಸ್ವಲ್ಪ ಮರೆವು ಡಾಕ್ಟ್ರೇ' ಅನ್ನುವ ಒಂದು ಮಾತಿಗಿಂತ ಆ ಚೀಟಿ ಡಾಕ್ಟರಿಗೆ ಹೆಚ್ಚು ಹೇಳುತ್ತೆ.

ಅಂಗಡಿಯವರಿಗೂ ಒಂದು ಮಾತು. ಹಳೇ ಗಿರಾಕಿಯೊಬ್ಬರು ಒಂದೇ ದಿನ ಎರಡನೇ ಸಲ ಬಂದು ಅದೇ ಸಾಮಾನು ಕೇಳಿದರೆ, ಕೊಟ್ಟ ದುಡ್ಡನ್ನೇ ಮತ್ತೆ ಕೊಡಲು ಬಂದರೆ, ಅದನ್ನು ಮೊದಲು ಗಮನಿಸುವವರು ಬಹುಶಃ ನೀವೇ, ದೂರದ ಊರಿನಲ್ಲಿರುವ ಮಕ್ಕಳಲ್ಲ. ದುಡ್ಡು ವಾಪಸ್ ಕೊಟ್ಟು ಕಳಿಸಿ, ಸಂಜೆ ಅವರ ಮನೆಯವರಿಗೊಂದು ಫೋನ್ ಮಾಡಿ.